ಚಳಿಯಲ್ಲಿ ಕಟ್ಟಡದ ಕೆಲಸ: ಕಣ್ಣಿಡಬೇಕಾದದ್ದು ನೀರಿನ ಮೇಲೆ

ಚಳಿಗಾಲದಲ್ಲಿ ಬಯಲಲ್ಲಿ ಕಟ್ಟಡದ ಕೆಲಸ ಶುರುವಾದರೆ ಎಲ್ಲರ ಕಣ್ಣೂ ಥರ್ಮಾಮೀಟರ್ ಮೇಲೆ. ನೋಡಲಿ, ತಪ್ಪಿಲ್ಲ. ಆದರೆ ಸೈಟಿನಲ್ಲಿ ಬಹಳಷ್ಟು ಹಾನಿ ಮಾಡುವುದು ನೀರು. ಬನಿಯನ್ ಹೀರಿಕೊಂಡ ಬೆವರು, ಬೂಟಿನೊಳಗಿನ ತೇವ, ಹಲಗೆ ಮೇಲಿನ ಕಣ್ಣಿಗೆ ಕಾಣದ ಮಂಜಿನ ಪದರ, ಮರಳಿನ ರಾಶಿಯೊಳಗೆ ಕಟ್ಟಿಕೊಂಡ ಹೆಪ್ಪು, ಇನ್ನೂ ಗಟ್ಟಿಯಾಗದ ಕಾಂಕ್ರೀಟಿನಲ್ಲಿ ಉಳಿದಿರುವ ನೀರು. ಗಾಳಿಗೆ ಹೋಲಿಸಿದರೆ ನೀರು ಮೈಯ ಶಾಖವನ್ನು ಸುಮಾರು 25 ಪಟ್ಟು ವೇಗವಾಗಿ ಎಳೆದುಕೊಳ್ಳುತ್ತದೆ. ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಮೊದಲನೆಯದು ಕೆಲಸಗಾರನನ್ನು ಕೆಡವುತ್ತದೆ, ಎರಡನೆಯದು ಕೆಲಸವನ್ನು ಕೆಡಿಸುತ್ತದೆ. ಒಣಗಿರಬೇಕಾದದ್ದನ್ನೆಲ್ಲ ಒಣಗಿಸಿಟ್ಟುಕೊಂಡರೆ ಚಳಿಯನ್ನು ಅರ್ಧ ಗೆದ್ದ ಹಾಗೆ. ಈ ಲೇಖನ ಹಿಂದಿನ ಸಂಜೆಯಿಂದ ಶುರುವಾಗಿ, ಕೆಲಸ ನಡೆಯುವ ಕ್ರಮದಲ್ಲೇ ಸಾಗುತ್ತದೆ.

ಹಿಂದಿನ ಸಂಜೆ

ಮರುದಿನದ ಹವಾಮಾನ ನೋಡುವಾಗ ಕನಿಷ್ಠ ಉಷ್ಣಾಂಶದ ಜೊತೆಗೆ ಗಾಳಿಯ ವೇಗವನ್ನೂ ಬರೆದಿಟ್ಟುಕೊಳ್ಳಿ. ಮೈನಸ್ 10 ಡಿಗ್ರಿಯಲ್ಲಿ ಗಂಟೆಗೆ 30 ಕಿ.ಮೀ. ಗಾಳಿ ಬೀಸಿದರೆ ಬರಿಮೈಗೆ ಅದು ಮೈನಸ್ 20ರಂತೆ ತಟ್ಟುತ್ತದೆ. ಅದೇ ಗಾಳಿಗೆ ಸೊನ್ನೆ ಡಿಗ್ರಿಯೂ ಮೈನಸ್ 6ರಷ್ಟು ಕೊರೆಯುತ್ತದೆ. ಈ ಲೆಕ್ಕದ ಮೂಲದಲ್ಲೂ ನೀರೇ ಇದೆ. 1940ರ ದಶಕದ ಆರಂಭದಲ್ಲಿ ಅಮೆರಿಕದ ಸಂಶೋಧಕರಾದ ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಅಂಟಾರ್ಕ್ಟಿಕಾದಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಸಿಲಿಂಡರನ್ನು ಗಾಳಿಗೆ ಒಡ್ಡಿ, ಅದು ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆದಿದ್ದರು. ಇಂದು ಬಳಕೆಯಲ್ಲಿರುವ ಸೂತ್ರವನ್ನು ಅಮೆರಿಕ ಮತ್ತು ಕೆನಡಾ 2001ರಲ್ಲಿ ಪರಿಷ್ಕರಿಸಿದವು.

ಆಕಾಶ ಶುಭ್ರವಾಗಿದ್ದು ಗಾಳಿ ನಿಂತ ರಾತ್ರಿಯ ಬಗ್ಗೆ ಬೇರೆಯೇ ಎಚ್ಚರ ಬೇಕು. ಅಂಥ ರಾತ್ರಿ ಹಲಗೆ, ಕಬ್ಬಿಣ, ತಗಡು ಎಲ್ಲ ತಮ್ಮ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತವೆ. ಥರ್ಮಾಮೀಟರ್ 2 ಡಿಗ್ರಿ ತೋರಿಸುತ್ತಿದ್ದರೂ ಬೆಳಿಗ್ಗೆ ಸ್ಕಾಫೋಲ್ಡಿಂಗ್ (ಎತ್ತರದ ಕೆಲಸಕ್ಕೆ ಕಟ್ಟುವ ಅಟ್ಟಣೆ) ಹಲಗೆ ಜಾರುತ್ತಿರುವುದು ಇದರಿಂದಲೇ.

ನಂತರ ಕೆಲಸದ ಸರದಿ ಹಾಕಿಕೊಳ್ಳಿ. ಎತ್ತರದ ಕೆಲಸ, ಒದ್ದೆ ಕೆಲಸ, ಬೆರಳುಗಳ ನಯ ಬೇಕಾದ ಕೆಲಸ ಇವು ಮೂರನ್ನೂ ದಿನದ ನಡುಭಾಗಕ್ಕೆ ತಳ್ಳಿ. ಮುಂಜಾನೆಗೆ ಸಾಮಾನು ಸಾಗಿಸುವುದು, ಕಂಬಿ ಕತ್ತರಿಸುವುದು, ಒಳಗಿನ ಗೋಡೆಯ ಕೆಲಸ ಇಟ್ಟುಕೊಳ್ಳಬಹುದು. ಬಿಸಿಲು ಯಾವ ಗೋಡೆಗೆ ಎಷ್ಟು ಹೊತ್ತಿಗೆ ಬೀಳುತ್ತದೆ ಅನ್ನುವುದು ಮೇಸ್ತ್ರಿಗೆ ಗೊತ್ತಿರುತ್ತದೆ. ಅವರನ್ನು ಕೇಳದೆ ಕಚೇರಿಯಲ್ಲಿ ಕೂತು ಪಟ್ಟಿ ಮಾಡಬೇಡಿ. ಚಳಿಗಾಲದಲ್ಲಿ ಬೆಳಕೂ ಕಡಿಮೆ ಹೊತ್ತು, ದೀಪ ಎಲ್ಲೆಲ್ಲಿ ಬೇಕೆಂದು ಈಗಲೇ ನೋಡಿ.

ಮನೆಗೆ ಹೋಗುವ ಮುನ್ನ ಮರಳು, ಜಲ್ಲಿ, ಇಟ್ಟಿಗೆ ರಾಶಿಗಳಿಗೆ ಟಾರ್ಪಾಲ್ ಹೊದಿಸಿ. ಹೋಸ್ ಪೈಪು, ಪಂಪು, ಮಿಕ್ಸರ್ ಡ್ರಮ್ ಎಲ್ಲದರಿಂದ ನೀರು ಬಸಿದುಬಿಡಿ. ಕಂಪ್ರೆಸರ್ ಟ್ಯಾಂಕಿನ ತಳದ ವಾಲ್ವ್ ತಿರುಗಿಸಿ ಒಳಗೆ ಕೂತ ನೀರನ್ನು ಹೊರಹಾಕಿ, ಇಲ್ಲದಿದ್ದರೆ ಬೆಳಿಗ್ಗೆ ಪೈಪಿನೊಳಗೆ ಬಿರಡೆ ಬಿದ್ದಿರುತ್ತದೆ. ಪೇಂಟು, ಸೀಲಂಟು, ಅಂಟು, ಅಡ್ಮಿಕ್ಸ್ಚರ್ (ಕಾಂಕ್ರೀಟಿಗೆ ಬೆರೆಸುವ ರಾಸಾಯನಿಕ) ಕ್ಯಾನು, ಡ್ರಿಲ್ಲಿನ ಬ್ಯಾಟರಿ ಎಲ್ಲ ಬೆಚ್ಚಗಿನ ಕೋಣೆಗೆ ಹೋಗಲಿ. ಒಮ್ಮೆ ಹೆಪ್ಪುಗಟ್ಟಿ ಕರಗಿದ ನೀರಿನ ಪೇಂಟು ನೋಡಲು ಸರಿಯಿದ್ದಂತೆ ಕಂಡರೂ ಗೋಡೆಗೆ ಕೂರುವುದಿಲ್ಲ.

ಮೈಮೇಲೆ ಏನಿರಬೇಕು

ಮೂರು ಪದರ ಅನ್ನುವುದು ಎಲ್ಲರೂ ಕೇಳಿದ ಮಾತು. ಯಾವ ಪದರದ ಕೆಲಸ ಯಾವುದು ಎಂಬುದರಲ್ಲೇ ಎಡವುವುದು. ಮೈಗೆ ತಾಗುವ ಒಳಪದರದ ಕೆಲಸ ಬೆವರನ್ನು ಹೊರಕ್ಕೆ ದಾಟಿಸುವುದು. ಇದಕ್ಕೆ ಉಣ್ಣೆ ಅಥವಾ ಪಾಲಿಯೆಸ್ಟರ್ ಆಗಬೇಕು, ಹತ್ತಿ ಬೇಡ. ಹತ್ತಿ ಬೆವರು ಕುಡಿದು ಹಾಗೇ ಇಟ್ಟುಕೊಳ್ಳುತ್ತದೆ. ಕೆಲಸ ನಿಲ್ಲಿಸಿದ ಐದೇ ನಿಮಿಷಕ್ಕೆ ಬೆನ್ನ ಮೇಲೆ ತಣ್ಣೀರ ಬಟ್ಟೆ ಹಾಕಿದಂತಾಗುತ್ತದೆ. ನಡುಪದರ ಫ್ಲೀಸ್ ಅಥವಾ ಉಣ್ಣೆಯದ್ದು, ಗಾಳಿಯನ್ನು ಹಿಡಿದಿಟ್ಟು ಶಾಖ ಉಳಿಸಲು. ಹೊರಪದರ ಗಾಳಿ ಮತ್ತು ಮಳೆಹನಿ ತಡೆಯಬೇಕು, ಆದರೆ ಕತ್ತಿನ ಬಳಿ, ಕಂಕುಳ ಬಳಿ ಜಿಪ್ಪು ತೆರೆದು ಉಸಿರಾಡಲು ಬಿಡುವಂತಿರಬೇಕು.

ಕೆಲಸಕ್ಕೆ ಇಳಿಯುವ ಹೊತ್ತಿಗೆ ಸ್ವಲ್ಪ ಚಳಿ ಅನ್ನಿಸುತ್ತಿದ್ದರೆ ಬಟ್ಟೆ ಸರಿಯಾಗಿದೆ ಎಂದರ್ಥ. ನಿಂತಲ್ಲೇ ಬೆಚ್ಚಗಿದ್ದರೆ, ಹತ್ತು ಬಾಂಡ್ಲಿ ಹೊತ್ತ ಮೇಲೆ ಬೆವರು ಇಳಿಯುವುದು ಖಂಡಿತ. ಭಾರದ ಕೆಲಸಕ್ಕೆ ಮುಂಚೆ ಒಂದು ಪದರ ತೆಗೆಯಿರಿ, ಮುಗಿದ ತಕ್ಷಣ, ಮೈ ತಣ್ಣಗಾಗುವ ಮೊದಲೇ, ಮತ್ತೆ ಹಾಕಿಕೊಳ್ಳಿ. ಬೇಸರದ ಕೆಲಸ ನಿಜ. ಸೈಟಿನಲ್ಲಿ ಇದನ್ನು ಮಾಡುವವರು ಕಡಿಮೆ, ಮಾಡುವವರು ಸಂಜೆವರೆಗೂ ಗಟ್ಟಿಯಾಗಿ ನಿಂತಿರುತ್ತಾರೆ.

ಹೆಲ್ಮೆಟ್ ಅಡಿಯಲ್ಲಿ ದಪ್ಪ ಉಣ್ಣೆ ಟೋಪಿ ತುರುಕಬೇಡಿ. ಒಳಗಿನ ಪಟ್ಟಿಗೂ ಚಿಪ್ಪಿಗೂ ನಡುವಿನ ಜಾಗವೇ ಏಟನ್ನು ನುಂಗುವುದು, ಟೋಪಿ ಅದನ್ನು ತುಂಬಿಬಿಡುತ್ತದೆ, ಹೆಲ್ಮೆಟ್ ತಲೆಯ ಮೇಲೆ ತೇಲುತ್ತದೆ. ಹೆಲ್ಮೆಟ್ಟಿಗೆಂದೇ ಬರುವ ತೆಳು ಲೈನರ್ ಕಿವಿ, ಕತ್ತು ಎರಡನ್ನೂ ಮುಚ್ಚುತ್ತದೆ. ಪ್ಲಾಸ್ಟಿಕ್ ಚಿಪ್ಪು ಕಡುಚಳಿಯಲ್ಲಿ ಪೆಡಸಾಗುವುದರಿಂದ, ಎಷ್ಟು ಡಿಗ್ರಿವರೆಗೆ ಬಳಸಬಹುದೆಂಬ ಗುರುತು ಒಳಗಿದೆಯೇ ನೋಡಿ.

ದಪ್ಪ ಜಾಕೆಟ್ ಹಾಕಿದ ದಿನ ಸೇಫ್ಟಿ ಹಾರ್ನೆಸ್ಸಿನ ಪಟ್ಟಿಗಳನ್ನು ಮತ್ತೆ ಅಳತೆಗೆ ಬಿಗಿಯಬೇಕು. ನಿನ್ನೆಯ ಅಳತೆ ಇಂದಿಗೆ ನಡೆಯದು. ಮಧ್ಯಾಹ್ನ ಜಾಕೆಟ್ ಬಿಚ್ಚಿದರೆ ಮತ್ತೊಮ್ಮೆ. ಹಾರ್ನೆಸ್ ಮೇಲೆ ಜಾಕೆಟ್ ಹಾಕಿ ಬೆನ್ನಿನ ಕೊಂಡಿಯನ್ನು ಮುಚ್ಚಿಬಿಡುವುದಂತೂ ಕೂಡದು.

ಬೂಟಿನ ವಿಷಯದಲ್ಲಿ ಹೆಚ್ಚಿನವರು ಮಾಡುವುದು ಒಂದರ ಮೇಲೊಂದು ಎರಡು ಮೂರು ಕಾಲುಚೀಲ ಹಾಕಿ ಕಾಲು ತುರುಕುವುದು. ಬೂಟು ಬಿಗಿಯಾದರೆ ರಕ್ತ ಓಡುವುದಿಲ್ಲ, ಬೆರಳು ಇನ್ನೂ ಬೇಗ ಮರಗಟ್ಟುತ್ತದೆ. ಒಂದು ದಪ್ಪ ಉಣ್ಣೆಯ ಕಾಲುಚೀಲ, ಒಳಗೆ ಬೆರಳು ಆಡಿಸಲು ಜಾಗ, ನೆಲದ ತಂಪು ತಡೆಯಲು ದಪ್ಪ ಇನ್‌ಸೋಲ್ ಇದ್ದರೆ ಸಾಕು. ಬೆರಳ ಮೇಲೆ ಉಕ್ಕಿನ ಕವಚವಿರುವ ಬೂಟಿಗಿಂತ ಕಾಂಪೋಸಿಟ್ (ಲೋಹವಲ್ಲದ) ಕವಚದ್ದು ಕಾಲಿಗೆ ಹಿತ, ಅದು ತಂಪನ್ನು ಅಷ್ಟಾಗಿ ದಾಟಿಸುವುದಿಲ್ಲ. ಜೇಬಿನಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಣ ಕಾಲುಚೀಲ ಒಂದು ಜೊತೆ ಇರಲೇಬೇಕು. ಗಂಟೆಗಟ್ಟಲೆ ಪಾದ ಒದ್ದೆಯಾಗಿದ್ದರೆ 15 ಡಿಗ್ರಿಯಲ್ಲೂ ಚರ್ಮ, ನರ ಹಾಳಾಗಬಹುದು, ಹಿಮ ಬೀಳಲೇಬೇಕೆಂದಿಲ್ಲ.

ಕೈಗವಸಿನ ಕಥೆ ತುಸು ಉದ್ದ. ಕಂಬಿ ಕಟ್ಟುವವರನ್ನು ಗಮನಿಸಿ. ದಪ್ಪ ಗವಸಿನಲ್ಲಿ ಬೈಂಡಿಂಗ್ ವೈರಿನ ತುದಿ ಹಿಡಿಯಲು ಬರುವುದಿಲ್ಲ. ಎರಡು ಸಲ ಜಾರುತ್ತದೆ, ಮೂರನೆಯ ಸಲ ಹಲ್ಲಿನಿಂದ ಗವಸು ಎಳೆದು ತೆಗೆದು ಬರಿಗೈಯಲ್ಲಿ ವೈರು ತಿರುಚುತ್ತಾರೆ, ಇನ್ನೊಂದು ಕೈ ಅಷ್ಟೊತ್ತೂ ಕಂಬಿಯ ಮೇಲಿರುತ್ತದೆ. ಕಬ್ಬಿಣ ಮೈನಸ್ 7ಕ್ಕಿಂತ ತಣ್ಣಗಿದ್ದರೆ ಅದನ್ನು ಬರಿಗೈಯಲ್ಲಿ ಮುಟ್ಟಲೇಬಾರದು, ಬೆರಳು ತೇವವಿದ್ದರೆ ಚರ್ಮ ಅಂಟಿಕೊಂಡು ಕಿತ್ತು ಬರುತ್ತದೆ. ಇದಕ್ಕೆ ಬೈಗುಳ ಪರಿಹಾರವಲ್ಲ. ಒಳಗೆ ಬೆರಳಿಗೆ ಕಚ್ಚಿಕೊಳ್ಳುವ ತೆಳು ಗವಸು, ಮೇಲೆ ದಪ್ಪದ್ದು. ನಯದ ಕೆಲಸ ಬಂದಾಗ ಮೇಲಿನದ್ದು ಮಾತ್ರ ತೆಗೆದರಾಯಿತು. ಸುತ್ತಿಗೆ, ಹಾರೆಗಳ ಹಿಡಿ ಲೋಹದ್ದಾಗಿದ್ದರೆ ರಬ್ಬರ್ ಅಥವಾ ಟೇಪು ಸುತ್ತಿ. ಪ್ರತಿಯೊಬ್ಬರಿಗೂ ಬದಲಿ ಜೊತೆ ಬೇಕು. ಕಾಂಕ್ರೀಟ್ ಕೆಲಸದಲ್ಲಿ ಒಳಗೆ ಒದ್ದೆಯಾದ ಗವಸು ಚಳಿಯ ಜೊತೆ ಸಿಮೆಂಟಿನ ಸುಡುವಿಕೆಯನ್ನೂ ತರುತ್ತದೆ. ಪೆಟ್ರೋಲ್ ಕೈಗೆ ಚೆಲ್ಲಿದರೂ ಹಾಗೇ: ಆವಿಯಾಗುತ್ತಾ ಚರ್ಮದ ಶಾಖವನ್ನೆಲ್ಲ ಹೊತ್ತೊಯ್ಯುತ್ತದೆ. ತಿರುಗುವ ಯಂತ್ರದ ಬಳಿ ಮಾತ್ರ ಸಡಿಲ ಗವಸು, ನೇತಾಡುವ ಮಫ್ಲರ್ ಎರಡೂ ಬೇಡ.

ಬೆಳಿಗ್ಗೆ, ಕೆಲಸಕ್ಕೆ ಮುಂಚಿನ ಸುತ್ತು

ಯಾರೂ ಮೇಲೆ ಹತ್ತುವ ಮೊದಲು ಒಬ್ಬರು ಇಡೀ ಸೈಟು ಸುತ್ತಬೇಕು. ನಡೆಯುವ ದಾರಿ, ಏಣಿ ಮೆಟ್ಟಿಲು, ಸ್ಕಾಫೋಲ್ಡಿಂಗ್ ಹಲಗೆ, ಟ್ರಕ್ಕಿನ ಹತ್ತುಮೆಟ್ಟಿಲು ಇವೆಲ್ಲ ಕೈಯಿಂದ ಮುಟ್ಟಿ ನೋಡುವ ಜಾಗಗಳು. ಹಿಮವಿದ್ದರೆ ಗುಡಿಸಿ, ಮಂಜುಗಡ್ಡೆಯಿದ್ದರೆ ಕೆರೆದು ತೆಗೆದು, ಒರಟು ಮರಳು ಚೆಲ್ಲಿ. ಉಪ್ಪು ಚೆಲ್ಲುವುದು ಸುಲಭ, ಆದರೆ ಮೈನಸ್ 10ರ ಕೆಳಗೆ ಸಾಮಾನ್ಯ ಉಪ್ಪಿನ ಆಟ ಅಷ್ಟಾಗಿ ನಡೆಯದು. ಕಂಬಿಯ ಹತ್ತಿರ, ಹೊಸ ಕಾಂಕ್ರೀಟಿನ ಮೇಲೆ ಅದನ್ನು ತರಲೇಬೇಡಿ. ಬಿಸಿನೀರು ಸುರಿದು ಮಂಜು ಕರಗಿಸುವ ಜಾಣತನವೂ ಬೇಡ, ಸ್ವಲ್ಪ ಹೊತ್ತಿಗೆ ಅದೇ ಗಾಜಿನಂಥ ನೆಲವಾಗುತ್ತದೆ.

ಸ್ಲ್ಯಾಬಿನಲ್ಲಿ ಬಿಟ್ಟ ಕಿಂಡಿಗಳು, ಬೆಳಕಿಗೆಂದು ಹಾಕಿದ ತೆಳು ಶೀಟುಗಳು ಹಿಮದಡಿ ಕಾಣುವುದಿಲ್ಲ. ಅವಕ್ಕೆ ಮುಚ್ಚಳ ಹಾಕಿ, ಕೋಲು ನೆಟ್ಟು ಗುರುತು ಮಾಡುವುದು ಹಿಮ ಬೀಳುವ ಮೊದಲೇ ಆಗಬೇಕಾದ ಕೆಲಸ. ಟಾರ್ಪಾಲ್ ಚಪ್ಪರದ ಮೇಲೆ ಹಿಮ ಜಮೆಯಾಗಿದ್ದರೆ ಅಡಿಯಲ್ಲಿ ನಿಂತು ಕೋಲಿನಿಂದ ತಿವಿಯಬೇಡಿ. ನೆನೆದ ಹಿಮ ಘನಮೀಟರಿಗೆ ಮುನ್ನೂರು ಕಿಲೋ ದಾಟಬಹುದು.

ಕ್ರೇನ್ ಬಳಸುವವರಿಗೆ ಒಂದು ಮಾತು. ರಾತ್ರಿಯಿಡೀ ನೆಲದ ಮೇಲಿದ್ದ ಕಂಬಿ ಕಟ್ಟು ಅಥವಾ ಸೆಂಟ್ರಿಂಗ್ (ಕಾಂಕ್ರೀಟ್ ಸುರಿಯುವ ಅಚ್ಚು) ಶೀಟು ನೆಲಕ್ಕೆ ಅಂಟಿಕೊಂಡಿರುತ್ತದೆ. ಸ್ಲಿಂಗ್ ಹಾಕಿ ನೇರ ಎತ್ತಿದರೆ ಮೊದಲು ಹಗ್ಗ ಬಿಗಿಯುತ್ತದೆ, ಏನೂ ಅಲುಗುವುದಿಲ್ಲ, ಆಪರೇಟರ್ ಇನ್ನಷ್ಟು ಎಳೆಯುತ್ತಾರೆ, ಮಂಜು ಪಟ್ಟನೆ ಬಿಟ್ಟುಕೊಂಡು ಇಡೀ ಭಾರ ಮೇಲಕ್ಕೆ ಜಿಗಿದು ತೂಗಾಡುತ್ತದೆ. ಮೊದಲು ಹಾರೆಯಿಂದ ಮೀಟಿ ಬಿಡಿಸಿ, ಆಮೇಲೆ ಎತ್ತಿ. ಸಂಜೆಯೇ ಅಡಿಯಲ್ಲಿ ಮರದ ತುಂಡು ಇಟ್ಟಿದ್ದರೆ ಈ ಪಾಡೇ ಇಲ್ಲ. ನೆನೆದು ಸೆಟೆದ ಬಟ್ಟೆ ಸ್ಲಿಂಗುಗಳನ್ನು ಆ ದಿನ ಬಳಸದಿರುವುದೇ ಮೇಲು.

ಯಂತ್ರ, ಬ್ಯಾಟರಿ, ವೈರು

ಡೀಸೆಲ್ಲಿನಲ್ಲಿರುವ ಮೇಣ ಚಳಿಗೆ ಗಟ್ಟಿಯಾಗಿ ಫಿಲ್ಟರ್ ಕಟ್ಟುತ್ತದೆ, ಆದ್ದರಿಂದ ಚಳಿಗಾಲದ ಡೀಸೆಲ್ ತುಂಬಿಸಿ. ಲೆಡ್ ಆಸಿಡ್ ಬ್ಯಾಟರಿ ಮೈನಸ್ 18 ಡಿಗ್ರಿಯಲ್ಲಿ ತನ್ನ ಬಲದ ಅರ್ಧದಷ್ಟನ್ನೇ ಕೊಡುತ್ತದೆ. ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜಿಗೆ ಹಾಕಿದರೆ ಒಳಗೆ ಲೋಹ ಲೇಪನವಾಗಿ ಕೆಡುತ್ತದೆ, ಕೋಣೆಯೊಳಗೆ ಬೆಚ್ಚಗಾದ ಮೇಲೆ ಚಾರ್ಜ್ ಮಾಡಿ. ಪಿವಿಸಿ ಹೊದಿಕೆಯ ವೈರನ್ನು ಕಡುಚಳಿಯಲ್ಲಿ ಸುರುಳಿ ಬಿಚ್ಚಿದರೆ ಬಿರುಕು ಬಿಡುತ್ತದೆ. ಹೊರಗಿನ ಓಡಾಟಕ್ಕೆ ರಬ್ಬರ್ ಹೊದಿಕೆಯದ್ದು ಬಾಳಿಕೆ. ವೆಲ್ಡಿಂಗ್ ಮಾಡುವಾಗ ಉಕ್ಕು ಸೊನ್ನೆಗಿಂತ ತಣ್ಣಗಿದ್ದರೆ ಕನಿಷ್ಠ 20 ಡಿಗ್ರಿಗೆ ಕಾಯಿಸಿ ಒಣಗಿಸಿಕೊಳ್ಳಬೇಕು, ಮೈನಸ್ 18ರ ಕೆಳಗೆ ಅಮೆರಿಕದ ವೆಲ್ಡಿಂಗ್ ಸಂಹಿತೆ ಕೆಲಸವನ್ನೇ ಬೇಡವೆನ್ನುತ್ತದೆ.

ಕಾಂಕ್ರೀಟ್ ಒಡೆಯುವ ಬ್ರೇಕರ್, ಗ್ರೈಂಡರ್ ಹಿಡಿಯುವವರ ಕೈ ಬಗ್ಗೆ ವಿಶೇಷ ಗಮನ ಬೇಕು. ಕಂಪನವೂ ಚಳಿಯೂ ಎರಡೂ ಬೆರಳಿನ ರಕ್ತನಾಳ ಬಿಗಿಸುತ್ತವೆ. ಬೆರಳ ತುದಿ ಬೆಳ್ಳಗಾಗಿ ಜೋಮು ಹಿಡಿಯುತ್ತಿದ್ದರೆ ಆ ವ್ಯಕ್ತಿಗೆ ಬೇರೆ ಕೆಲಸ ಕೊಡಿ, ವೈದ್ಯರಿಗೆ ತೋರಿಸಿ.

ಕಾಂಕ್ರೀಟ್ ಹಾಕುವ ದಿನ

ಗಾಳಿಯ ಉಷ್ಣಾಂಶ 4 ಡಿಗ್ರಿಗೆ ಇಳಿದಿದ್ದರೆ, ಅಥವಾ ಮುಂದಿನ ದಿನಗಳಲ್ಲಿ ಅದಕ್ಕಿಂತ ಕೆಳಗಿಳಿಯುವ ಸೂಚನೆ ಇದ್ದರೆ, ಅಮೆರಿಕನ್ ಕಾಂಕ್ರೀಟ್ ಇನ್‌ಸ್ಟಿಟ್ಯೂಟ್ ಅದನ್ನು ಚಳಿಯ ಕಾಂಕ್ರೀಟ್ ಎಂದೇ ಲೆಕ್ಕ ಹಾಕುತ್ತದೆ. ಹೊಸ ಕಾಂಕ್ರೀಟ್ ಸುಮಾರು 3.5 ಮೆಗಾಪಾಸ್ಕಲ್ ಬಲ ಗಳಿಸುವ ಮೊದಲು ಹೆಪ್ಪುಗಟ್ಟಿದರೆ, ಒಳಗಿನ ನೀರು ಹಿಗ್ಗಿ ಇನ್ನೂ ಎಳಸಾಗಿರುವ ಬಂಧವನ್ನು ಸೀಳುತ್ತದೆ. ಕೊನೆಯ ಬಲ ಅರ್ಧಕ್ಕೆ ಇಳಿಯಬಹುದು. ಆಮೇಲೆ ಎಷ್ಟು ಬೆಚ್ಚಗಿಟ್ಟರೂ ಅದು ಕೂಡಿ ಬರುವುದಿಲ್ಲ. 10 ಡಿಗ್ರಿಯಲ್ಲಿ ಇಟ್ಟರೆ ಸಾಮಾನ್ಯ ಮಿಶ್ರಣಕ್ಕೆ ಈ ಗಡಿ ದಾಟಲು ಸುಮಾರು ಎರಡು ದಿನ. ಆ ಎರಡು ದಿನ ಕಾಯಲು ಹೊದಿಕೆ, ಹೀಟರ್, ರಾತ್ರಿಗೆ ಜನ ಇಲ್ಲವೆಂದಾದರೆ ಕಾಂಕ್ರೀಟ್ ತರಿಸಬೇಡಿ. ಲಾರಿ ಬಂದು ನಿಂತ ಮೇಲೆ ಇಲ್ಲ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ.

ಮೊದಲು ತಳ. ಹೆಪ್ಪುಗಟ್ಟಿದ ನೆಲದ ಮೇಲೆ ಕಾಂಕ್ರೀಟ್ ಸುರಿಯುವಂತಿಲ್ಲ. ಅಡಿಯ ನೆಲ ಕಾಂಕ್ರೀಟಿನ ಶಾಖವನ್ನು ಹೀರುತ್ತದೆ, ಮುಂದೆ ಕರಗಿದಾಗ ಕುಸಿಯುತ್ತದೆ. ಹಿಂದಿನ ದಿನಗಳಲ್ಲೇ ಹೊದಿಕೆ ಹಾಕಿ ನೆಲ ಬೆಚ್ಚಗಿಡಿ. ಸೆಂಟ್ರಿಂಗ್ ಒಳಗೆ, ಕಂಬಿಗಳ ಮೇಲೆ ಅಂಟಿರುವ ಹಿಮ, ಮಂಜನ್ನು ಬಿಸಿಗಾಳಿಯಿಂದ ತೆಗೆಯಿರಿ. ನೀರಿನಿಂದ ಕರಗಿಸಿದರೆ ಆ ನೀರು ಮೂಲೆಯಲ್ಲೇ ನಿಲ್ಲುತ್ತದೆ.

ಮಿಶ್ರಣ ಬೆಚ್ಚಗಾಗಲು ಮೊದಲು ಕಾಯಿಸಬೇಕಾದದ್ದು ನೀರು. ಒಂದು ಕಿಲೋ ನೀರು ಹಿಡಿದಿಡುವ ಶಾಖ, ಅಷ್ಟೇ ತೂಕದ ಜಲ್ಲಿ ಅಥವಾ ಸಿಮೆಂಟಿನ ನಾಲ್ಕೈದು ಪಟ್ಟು. ಸುಮಾರು 60 ಡಿಗ್ರಿ ಬಿಸಿನೀರು ಸಾಕಾಗುತ್ತದೆ. 80 ಡಿಗ್ರಿ ದಾಟಿದ ನೀರು ಸಿಮೆಂಟಿಗೆ ನೇರ ತಗುಲಿದರೆ ಮಿಕ್ಸರಿನಲ್ಲೇ ಗಟ್ಟಿ ಹಿಡಿಯಬಹುದು. ಅಷ್ಟು ಬಿಸಿ ಬೇಕೇ ಬೇಕಿದ್ದರೆ ಮೊದಲು ಜಲ್ಲಿ, ಮರಳಿಗೆ ಬೆರೆಸಿ, ಆಮೇಲೆ ಸಿಮೆಂಟ್ ಹಾಕಿ. ಮರಳಿನಲ್ಲಿ ಹೆಪ್ಪುಗಟ್ಟಿದ ಉಂಡೆಗಳಿದ್ದರೆ ಕರಗಿಸಿಯೇ ಬಳಸಬೇಕು, ಅವು ಸ್ಲ್ಯಾಬಿನೊಳಗೆ ಹೋಗಿ ಕರಗಿದರೆ ಅಲ್ಲೊಂದು ಪೊಳ್ಳು. 300 ಮಿ.ಮೀ.ಗಿಂತ ತೆಳುವಾದ ಸ್ಲ್ಯಾಬು, ಗೋಡೆಗಳಿಗೆ ಸುರಿದ ಕಾಂಕ್ರೀಟ್ ಕನಿಷ್ಠ 13 ಡಿಗ್ರಿ ಇರಬೇಕು. ದಪ್ಪ ಭಾಗಗಳು ತಮ್ಮದೇ ಶಾಖ ಉಳಿಸಿಕೊಳ್ಳುವುದರಿಂದ 300ರಿಂದ 900 ಮಿ.ಮೀ.ವರೆಗೆ 10 ಡಿಗ್ರಿ ಸಾಕು. ಮಿಶ್ರಣದಲ್ಲಿ ನೀರು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು, ಸಡಿಲ ಬೇಕೆಂದರೆ ಪ್ಲಾಸ್ಟಿಸೈಸರ್ ಹಾಕಿ.

ಬೇಗ ಗಟ್ಟಿಯಾಗಲಿ ಎಂದು ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುವ ಅಭ್ಯಾಸ ಹಳೆಯದು. ಕಂಬಿ ಇರುವ ಕಾಂಕ್ರೀಟಿಗೆ ಅದು ಶತ್ರು, ತುಕ್ಕು ಹಿಡಿಸುತ್ತದೆ. ಕ್ಲೋರೈಡ್ ಇಲ್ಲದ ವೇಗವರ್ಧಕಗಳು ಸಿಗುತ್ತವೆ. ಅವು ಬೇಗ ಗಟ್ಟಿಯಾಗಿಸುತ್ತವೆ ಅಷ್ಟೆ, ಹೆಪ್ಪುಗಟ್ಟದಂತೆ ಕಾಯುವ ಔಷಧಿಯಲ್ಲ. ಹೊದಿಕೆ ತಪ್ಪಿದ್ದಲ್ಲ.

ಫಿನಿಶಿಂಗಿಗೆ ಅವಸರ ಮಾಡುವವರು ಚಳಿಯಲ್ಲಿ ಸೋಲುತ್ತಾರೆ. ಸಾಧಾರಣವಾಗಿ 21 ಡಿಗ್ರಿಯ ಕಾಂಕ್ರೀಟ್ ಸುಮಾರು 6 ಗಂಟೆಗೆ ಬಿಗಿಯುತ್ತದೆ, 10 ಡಿಗ್ರಿಯದ್ದು 11 ಗಂಟೆ, 4 ಡಿಗ್ರಿಯದ್ದು 14 ಗಂಟೆ ತೆಗೆದುಕೊಳ್ಳುತ್ತದೆ. ಅಷ್ಟೊತ್ತೂ ಮೇಲಕ್ಕೆ ನೀರು ಏಳುತ್ತಲೇ ಇರುತ್ತದೆ. ಮೇಲೆ ನೀರು ಮಿನುಗುತ್ತಿರುವಾಗಲೇ ಕರಣೆ ಎಳೆದರೆ ಆ ನೀರು ಮೇಲ್ಪದರದಡಿ ಸಿಕ್ಕಿಹಾಕಿಕೊಂಡು, ಮುಂದೆ ಹಾಳೆ ಹಾಳೆಯಾಗಿ ಏಳುತ್ತದೆ. ಒಣ ಸಿಮೆಂಟ್ ಉದುರಿಸಿ ನೀರು ಹೀರಿಸುವುದೂ ಇದೇ ಜಾತಿಯ ತಪ್ಪು. ಕೆಲಸಗಾರರ ಪಾಳಿಯನ್ನು ಈ ಗಂಟೆಗಳಿಗೆ ಹೊಂದಿಸಿ, ಕಾಂಕ್ರೀಟನ್ನು ಪಾಳಿಗೆ ಹೊಂದಿಸಲು ಹೋಗಬೇಡಿ.

ಮೇಲ್ಮೈ ತಡೆದುಕೊಳ್ಳುವಷ್ಟಾದ ಕೂಡಲೇ ಪ್ಲಾಸ್ಟಿಕ್ ಶೀಟು, ಅದರ ಮೇಲೆ ಶಾಖ ತಡೆಯುವ ಕಂಬಳಿ ಹೊದಿಸಿ, ಗಾಳಿಗೆ ಹಾರದಂತೆ ಅಂಚಿಗೆ ಭಾರ ಇಡಿ. ಮೂಲೆ, ಅಂಚುಗಳು ಎರಡು ಮೂರು ಕಡೆಯಿಂದ ಶಾಖ ಕಳೆದುಕೊಳ್ಳುವುದರಿಂದ ಮೊದಲು ಹೆಪ್ಪುಗಟ್ಟುವುದು ಅವೇ. ಅಲ್ಲಿ ಕಂಬಳಿಯನ್ನು ಎರಡು ಮೂರು ಪದರ ಮಾಡಿ. ಥರ್ಮಾಮೀಟರನ್ನೂ ನಡುವಿನಲ್ಲಿ ಇಟ್ಟು ಸಮಾಧಾನಪಟ್ಟುಕೊಳ್ಳದೆ ಮೂಲೆಯಲ್ಲಿಡಿ, ಕಂಬಳಿಯ ಅಡಿಯಲ್ಲಿ. ಕ್ಯೂರಿಂಗಿಗೆ (ಕಾಂಕ್ರೀಟ್ ತೇವವಾಗಿಟ್ಟು ಗಟ್ಟಿಯಾಗಿಸಲು) ನೀರು ಕಟ್ಟುವುದು ಈ ಕಾಲಕ್ಕಲ್ಲ. ಪ್ಲಾಸ್ಟಿಕ್ ಅಥವಾ ಕ್ಯೂರಿಂಗ್ ಕಾಂಪೌಂಡ್ ತೇವ ಹಿಡಿದಿಟ್ಟರೆ ಸಾಕು.

ಹೊದಿಕೆ ತೆಗೆಯುವಾಗ ಒಮ್ಮೆಲೇ ಎಳೆಯಬೇಡಿ. ಬೆಚ್ಚಗಿರುವ ಕಾಂಕ್ರೀಟ್ ಕೊರೆಯುವ ಗಾಳಿಗೆ ಸಿಕ್ಕರೆ ಮೇಲ್ಭಾಗ ಕುಗ್ಗಿ ಬಿರುಕು ಬಿಡುತ್ತದೆ. ತೆಳು ಭಾಗಗಳಲ್ಲೂ ಒಂದು ದಿನದಲ್ಲಿ 28 ಡಿಗ್ರಿಗಿಂತ ಹೆಚ್ಚು ಇಳಿಯಬಾರದು, ದಪ್ಪವಾದಷ್ಟೂ ಇನ್ನೂ ನಿಧಾನ. ಸೆಂಟ್ರಿಂಗ್ ಬಿಚ್ಚುವುದನ್ನು ದಿನಗಳ ಲೆಕ್ಕದಲ್ಲಿ ನಿರ್ಧರಿಸಬೇಡಿ. ಸ್ಲ್ಯಾಬಿನ ಪಕ್ಕದಲ್ಲೇ, ಅದೇ ಚಳಿಯಲ್ಲಿ ಇಟ್ಟ ಅದೇ ಕಾಂಕ್ರೀಟಿನ ಪರೀಕ್ಷೆಯ ಕ್ಯೂಬುಗಳನ್ನು ಒಡೆಸಿ ಬಲ ನೋಡಿ. ಲ್ಯಾಬಿನ ಬೆಚ್ಚಗಿನ ತೊಟ್ಟಿಯಲ್ಲಿ ಮಲಗಿದ್ದ ಕ್ಯೂಬಿಗೆ ನಿಮ್ಮ ಸ್ಲ್ಯಾಬಿನ ಪಾಡು ಗೊತ್ತಿರುವುದಿಲ್ಲ.

ಇಟ್ಟಿಗೆ ಕಟ್ಟುವುದು, ಪ್ಲಾಸ್ಟರಿಂಗ್ ಇವಕ್ಕೂ ಇದೇ ನ್ಯಾಯ. ಮಂಜು ಹಿಡಿದ ಇಟ್ಟಿಗೆ ಇಡಬೇಡಿ, ಹೆಪ್ಪುಗಟ್ಟಿದ ಗಾರೆಗೆ ಬಿಸಿನೀರು ಹಾಕಿ ಮತ್ತೆ ಕಲಸಬೇಡಿ, ಸಂಜೆ ಗೋಡೆಯ ನೆತ್ತಿಗೆ ಹೊದಿಕೆ ಹಾಕಿ ಎರಡೂ ಬದಿಗೆ ಇಳಿಬಿಡಿ.

ಬೆಚ್ಚಗಾಗುವ ಜಾಗ, ವಿರಾಮ

ಬಿಡುವು ಎಷ್ಟು ಬೇಕು? ಎಸಿಜಿಐಎಚ್ ಎಂಬ ಔದ್ಯೋಗಿಕ ಆರೋಗ್ಯ ಸಂಘಟನೆಯ ಕೋಷ್ಟಕ 4 ಗಂಟೆಯ ಪಾಳಿಗೆ ಹೀಗೆ ಹೇಳುತ್ತದೆ: ಮೈನಸ್ 26ರಿಂದ ಮೈನಸ್ 28 ಡಿಗ್ರಿ, ಗಾಳಿ ಇಲ್ಲದಿದ್ದರೆ ಮಾಮೂಲಿ ವಿರಾಮ ಸಾಕು. ಅದೇ ಚಳಿಗೆ ಗಂಟೆಗೆ 32 ಕಿ.ಮೀ. ಗಾಳಿ ಸೇರಿದರೆ ಒಂದು ಸಲಕ್ಕೆ 40 ನಿಮಿಷ ಮಾತ್ರ ಕೆಲಸ, ನಡುವೆ ನಾಲ್ಕು ವಿರಾಮ. ಮೈನಸ್ 43 ಆದರೆ ತುರ್ತಲ್ಲದ ಕೆಲಸವೆಲ್ಲ ಬಂದ್. ಇವೆಲ್ಲ ಒಣ ಬಟ್ಟೆ ತೊಟ್ಟು ಮೈಮುರಿದು ದುಡಿಯುವವರಿಗೆ ಹಾಕಿದ ಲೆಕ್ಕ. ಒದ್ದೆಯಾದವರಿಗೆ, ಸುಮ್ಮನೆ ನಿಂತು ಸಿಗ್ನಲ್ ತೋರಿಸುವವರಿಗೆ, ಚಳಿಗೆ ಹೊಸಬರಿಗೆ ಇದಕ್ಕಿಂತ ಬೇಗ ಬಿಡುವು ಬೇಕು. ಬೆರಳಿನ ಸೂಕ್ಷ್ಮ ಕೆಲಸವಾದರೆ 16 ಡಿಗ್ರಿಯ ಕೆಳಗೇ ಕೈ ಕಾಯಿಸಿಕೊಳ್ಳಲು ವ್ಯವಸ್ಥೆ ಬೇಕು.

ಕೋಣೆಯಲ್ಲಿ ಗವಸು, ಕಾಲುಚೀಲ ಒಣಹಾಕಲು ಹಗ್ಗ ಕಟ್ಟಿ. ಕುಡಿಯಲು ಬಿಸಿಯಾದದ್ದು, ಸಿಹಿಯಾದದ್ದು ಇರಲಿ. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಆದರೂ ಮೈ ನೀರು ಕಳೆದುಕೊಳ್ಳುತ್ತಿರುತ್ತದೆ. ಮದ್ಯ ಕುಡಿದರೆ ಮೈ ಬೆಚ್ಚಗಾದಂತೆ ಅನ್ನಿಸುತ್ತದೆ, ಆದರೆ ಅದು ಚರ್ಮದ ರಕ್ತನಾಳ ಹಿಗ್ಗಿಸಿ ಒಳಗಿನ ಶಾಖವನ್ನು ಹೊರಗೆ ಸೋರಿಸಿಬಿಡುತ್ತದೆ. ಹೃದಯದ ತೊಂದರೆ, ಮಧುಮೇಹ, ರಕ್ತದೊತ್ತಡ ಇರುವವರು ಮೇಸ್ತ್ರಿಗೆ ಹೇಳಿಟ್ಟಿರಬೇಕು, ಮೇಸ್ತ್ರಿ ಅದನ್ನು ಕೂಲಿ ಕತ್ತರಿಸಲು ಬಳಸಬಾರದು.

ಟಾರ್ಪಾಲ್ ಕಟ್ಟಿ ಒಳಗೆ ಹೀಟರ್, ಜನರೇಟರ್, ಕೆಂಡದ ಒಲೆ ಇಡುವವರು ಇಲ್ಲಿ ನಿಂತು ಓದಿ. ಸರಿಯಾಗಿ ಉರಿಯದ ಇಂಧನದಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ತಲೆಸುತ್ತು ಒಬ್ಬರಿಗಲ್ಲ, ಒಳಗಿದ್ದ ಇಬ್ಬರು ಮೂವರಿಗೆ ಒಟ್ಟಿಗೆ ಬಂದರೆ ಕಾರಣ ಹುಡುಕುತ್ತಾ ಕೂರದೆ ಎಲ್ಲರನ್ನೂ ಹೊರಗೆ ಎಳೆಯಿರಿ. ಜನರೇಟರ್ ಯಾವಾಗಲೂ ಹೊರಗೆ, ಹೀಟರಿನ ಹೊಗೆ ಪೈಪಿನ ಮೂಲಕ ಹೊರಗೆ, ಒಳಗೆ ಈ ಅನಿಲವನ್ನು ಪತ್ತೆಹಚ್ಚುವ, ಬ್ಯಾಟರಿಯಿಂದ ನಡೆಯುವ ಅಲಾರಂ. ಹೊಗೆ ಹೊರಹೋಗದ ಹೀಟರ್ ಹೊಸ ಕಾಂಕ್ರೀಟಿಗೂ ಒಳ್ಳೆಯದಲ್ಲ, ಅದರ ಇಂಗಾಲದ ಡೈಆಕ್ಸೈಡ್ ಮೇಲ್ಪದರವನ್ನು ಹುಡಿಹುಡಿ ಮಾಡುತ್ತದೆ. ಗ್ಯಾಸ್ ಸಿಲಿಂಡರಿನಲ್ಲಿ ಬ್ಯೂಟೇನ್ ಇದ್ದರೆ ಅದು ಮೈನಸ್ 0.5ರ ಕೆಳಗೆ ಆವಿಯಾಗುವುದೇ ಇಲ್ಲ, ಪ್ರೊಪೇನ್ ಮೈನಸ್ 42ರವರೆಗೂ ಆಗುತ್ತದೆ. ಸಿಲಿಂಡರ್ ಕೈಕೊಟ್ಟಾಗ ಅದಕ್ಕೆ ಬೆಂಕಿ ಹಿಡಿಯುವವರನ್ನು ಮಾತ್ರ ಸೈಟಿನಿಂದ ಆಚೆ ಕಳಿಸಿ.

ಒಬ್ಬರ ಮುಖ ಇನ್ನೊಬ್ಬರು ನೋಡುತ್ತಿರಿ

ಮೂಗಿನ ತುದಿ, ಕಿವಿಯಂಚು, ಕೆನ್ನೆ, ಬೆರಳು ಇವು ಮೊದಲು ಮರಗಟ್ಟುತ್ತವೆ. ಮೊದಲು ಚುಚ್ಚಿದಂತಾಗುತ್ತದೆ, ಆಮೇಲೆ ನೋವು ನಿಲ್ಲುತ್ತದೆ. ನೋವು ನಿಂತಿತೆಂದು ಖುಷಿಪಡುವ ಹೊತ್ತಲ್ಲ ಅದು. ಚರ್ಮ ಮೇಣದಂತೆ ಗಟ್ಟಿಯಾಗಿ ಬಿಳಿಚುತ್ತದೆ. ಕಪ್ಪು ಮೈಬಣ್ಣದವರಲ್ಲಿ ಬಿಳಿಗಿಂತ ಬೂದುಬಣ್ಣವಾಗಿ ಕಾಣಬಹುದು. ತನ್ನ ಮೂಗು ತನಗೆ ಕಾಣುವುದಿಲ್ಲ, ಆದ್ದರಿಂದ ಇಬ್ಬಿಬ್ಬರನ್ನು ಜೋಡಿ ಹಾಕಿ. ಅಂಥ ಭಾಗವನ್ನು ಉಜ್ಜಬಾರದು, ಹಿಮ ಹಚ್ಚಬಾರದು, ಬೆಂಕಿಗೆ ಹಿಡಿಯಬಾರದು, ಜೋಮು ಹಿಡಿದ ಚರ್ಮಕ್ಕೆ ಸುಡುವುದೂ ತಿಳಿಯದು. ಒಳಗೆ ಕರೆತಂದು 37ರಿಂದ 39 ಡಿಗ್ರಿ ಬೆಚ್ಚನೆ ನೀರಿನಲ್ಲಿ ಅದ್ದಿ, ಆಸ್ಪತ್ರೆಗೆ ಕರೆದೊಯ್ಯಿರಿ. ದಾರಿಯಲ್ಲಿ ಮತ್ತೆ ಹೆಪ್ಪುಗಟ್ಟುವ ಸಂಭವ ಇದ್ದರೆ ಕರಗಿಸುವ ಗೋಜಿಗೇ ಹೋಗಬೇಡಿ, ಎರಡನೇ ಸಲದ ಹಾನಿ ಹೆಚ್ಚು.

ಇಡೀ ಮೈ ತಣ್ಣಗಾಗುವುದು ಇನ್ನೂ ಮೋಸದ್ದು. ಒಳಗಿನ ಉಷ್ಣಾಂಶ 35 ಡಿಗ್ರಿಗಿಂತ ಇಳಿದರೆ ಅದು ಹೈಪೋಥರ್ಮಿಯಾ. ಯಾರಾದರೂ ವಿಪರೀತ ನಡುಗುತ್ತಿದ್ದರೆ, ನಾಲಗೆ ತೊದಲುತ್ತಿದ್ದರೆ, ಕೈಯಿಂದ ಸಾಮಾನು ಜಾರುತ್ತಿದ್ದರೆ, ಕಾರಣವಿಲ್ಲದೆ ಸಿಡುಕುತ್ತಿದ್ದರೆ ಅವರ ಮಾತು ಕೇಳಬೇಡಿ. “ನನಗೇನೂ ಆಗಿಲ್ಲ, ಬಿಡಿ” ಅನ್ನುವುದೇ ಒಂದು ಲಕ್ಷಣ. ನಡುಕ ತಾನಾಗಿ ನಿಂತು ಮಂಕಾದರೆ ಪರಿಸ್ಥಿತಿ ಕೈಮೀರುತ್ತಿದೆ, ಆಂಬುಲೆನ್ಸ್ ಕರೆಸಿ. ಅಷ್ಟರಲ್ಲಿ ಗಾಳಿಯಿಲ್ಲದ ಜಾಗಕ್ಕೆ ಮೆಲ್ಲಗೆ ಎತ್ತಿ ತನ್ನಿ, ನಡೆಸಬೇಡಿ. ಒದ್ದೆ ಬಟ್ಟೆ ತೆಗೆದು ಒಣದ್ದು ಹೊದಿಸಿ. ಎದೆ, ಕತ್ತು, ಹೊಟ್ಟೆಯ ಭಾಗ ಮೊದಲು ಬೆಚ್ಚಗಾಗಲಿ. ಕೈಕಾಲು ತಿಕ್ಕುವುದು, ಬಿಸಿನೀರಿನಲ್ಲಿ ಕೂರಿಸುವುದು ಅಪಾಯ. ಪೂರ್ತಿ ಎಚ್ಚರವಿದ್ದು ನುಂಗಲು ಬಂದರೆ ಮಾತ್ರ ಬೆಚ್ಚಗಿನ ಸಿಹಿ ಪಾನೀಯ ಕೊಡಿ.

ಚಳಿ ಬಿಟ್ಟ ದಿನ

ಬಿಸಿಲು ಬಂದು ಸೊನ್ನೆ ದಾಟಿದ ದಿನ ಎಲ್ಲರೂ ಉಸ್ಸಪ್ಪ ಅನ್ನುತ್ತಾರೆ. ನನ್ನ ಮಟ್ಟಿಗೆ ಸೈಟಿನಲ್ಲಿ ಅತಿ ಹೆಚ್ಚು ಕಣ್ಣು ತೆರೆದಿರಬೇಕಾದ ದಿನ ಅದೇ. ಹೆಪ್ಪುಗಟ್ಟಿದ ಮಣ್ಣು ಬಂಡೆಯಂತೆ ನಿಂತಿದ್ದರಿಂದ ಪಾಯದ ಗುಂಡಿಗೆ ಆಸರೆ ಹಾಕದೆ ಬಿಟ್ಟಿದ್ದರೆ, ಈಗ ಆ ಗೋಡೆಯೊಳಗಿನ ಹೆಪ್ಪು ನೀರಾಗಿ ಮಣ್ಣು ಸಡಿಲವಾಗುತ್ತಿರುತ್ತದೆ. ಆಸರೆ ಇಲ್ಲದ ಗುಂಡಿಗೆ ಯಾರನ್ನೂ ಇಳಿಸಬೇಡಿ. ಗಟ್ಟಿ ನೆಲವೆಂದು ನಂಬಿ ನಿಲ್ಲಿಸಿದ ಸ್ಕಾಫೋಲ್ಡಿಂಗ್ ಕಾಲು, ಸ್ಲ್ಯಾಬಿನಡಿಯ ಆಸರೆ ಕಂಬಗಳಾದ ಪ್ರಾಪ್‌ಗಳ ತಳ ಒಂದೊಂದಾಗಿ ನೋಡಿ. ಕೆಳಗಿನ ಹಲಗೆ ಕೆಸರಿಗೆ ಇಳಿದಿದ್ದರೆ, ಪ್ರಾಪ್ ಕೈಗೆ ಅಲುಗಾಡಿದರೆ, ಮೇಲಿನ ಕೆಲಸ ನಿಲ್ಲಿಸಿ ಮತ್ತೆ ಬಿಗಿದುಕೊಳ್ಳಿ. ಸೂರಿನಿಂದ, ಕ್ರೇನಿನ ತೋಳಿನಿಂದ ಮಂಜುಗಡ್ಡೆಯ ಕೋಲುಗಳು ಕಳಚುವ ಜಾಗದ ಕೆಳಗೆ ಹಗ್ಗ ಕಟ್ಟಿ ದಾರಿ ಬದಲಿಸಿ. ಸಂಜೆ ಮತ್ತೆ ಸೊನ್ನೆಗೆ ಇಳಿಯುವ ಮುನ್ನ ಹಗಲು ಕರಗಿ ನಿಂತ ನೀರನ್ನೆಲ್ಲ ಚರಂಡಿಗೆ ತಳ್ಳಿಸಿ, ಹಲಗೆಗಳನ್ನು ಒರೆಸಿ ಟಾರ್ಪಾಲ್ ಹೊದಿಸಿ.